ಬಾಯಿ ಕಟ್ಟಿದ ಕುಡಿಕೆ

ನೀಲಗಂಗಮ್ಮ ಎರಡೂ ಕೈ ಅಡ್ಡ ಚಾಚಿ ಮಡಕೆ ಸುಡುವ ಆವಿಗೆಯ ಮುಂದೆ ನಿಂತುಬಿಟ್ಟಳು. ಬಾಯಿ ತೆರೆಯಿತು, ಮುಚ್ಚಿತು. ದನಿ ಬರಲಿಲ್ಲ. ಬೆರಳು ಒಮ್ಮೆ ಸೊಸೆಯ ಕೈಯಲ್ಲಿದ್ದ ಮಣ್ಣಿನ ಕುಡಿಕೆಯನ್ನು ತೋರಿಸಿತು, ಒಮ್ಮೆ ಹಿತ್ತಿಲಿನ ನೀರಿನ ತೊಟ್ಟಿಯನ್ನು ತೋರಿಸಿತು.

"ಏನತ್ತೆ, ಇದಕ್ಕೂ ಸ್ನಾನ ಮಾಡಿಸಬೇಕಾ?" ಪ್ರೇಕ್ಷಾ ನಕ್ಕಳು.

ಬಾಗಿಲಿಗೆ ಒರಗಿ ನಿಂತಿದ್ದ ಪಕ್ಕದ ಮನೆಯ ದೊಡ್ಡತಾಯಮ್ಮ ನಗಲಿಲ್ಲ. "ಅವ್ಳ್ಗೆ ಮಾತಿಲ್ಲ, ನಾನೇಳ್ತೀನಿ ಕೇಳವ್ವ. ಅದ್ರ ಬಾಯಿ ಕಟ್ಟವ್ರೆ. ಮಾಟದ್ದು. ಬೆಂಕಿ ತೋರುಸ್ಬ್ಯಾಡ, ಒಡೀಲೂ ಬ್ಯಾಡ. ನೀರಿಗ್ ಬುಡು, ತಾನಾಗೇ ಕರುಗೋಗ್ಲಿ."

"ಒಡೆದರೆ ಏನಾಗುತ್ತಜ್ಜಿ?"

"ಸುಡುಗಾಡಲ್ಲಿ ಗಡಿಗೆ ಯಾಕ್ ಒಡೀತಾರೆ? ಉಸ್ರು ಓಯ್ತು ಅಂತ ತಾನೆ? ಅಂಗೇಯ."

"ಸುಟ್ಟರೆ?"

"ಸುಟ್ಟ ಮಡ್ಕೆ ನೀರಲ್ಲಿ ಕರಗ್ತದಾ? ಒಳಗಿರೋದು ಒಳುಗೇ ಉಳ್ಕತದೆ. ಕಡೇಗಂಟ."

"ಹಾಗಾದ್ರೆ ಗ್ಯಾರಂಟಿ ಮಾಲು ಬಿಡಿ," ಅಂದಳು ಪ್ರೇಕ್ಷಾ. ಅತ್ತೆಯ ಭುಜ ಹಿಡಿದು ಮೆತ್ತಗೆ ಪಕ್ಕಕ್ಕೆ ಸರಿಸಿದಳು.

ಪ್ರೇಕ್ಷಾ ಹಾಸನದವಳು. ಮಣ್ಣಿನ ಕೆಲಸ ಕಲಿತವಳು. ಹಳ್ಳಿಮೈಸೂರಿನ ಸಿದ್ದೇಶ್ವರನನ್ನು ಮದುವೆಯಾಗಿ ಬಂದಾಗ ಅವಳು ಕೇಳಿದ್ದು ಒಂದೇ, ಮನೆಯಲ್ಲೊಂದು ಕರೆಂಟಿನ ಆವಿಗೆ. ರಾಗಿ ತುಂಬುತ್ತಿದ್ದ ಹಿಂದಿನ ಕೋಣೆಯನ್ನು ಅವನು ಖಾಲಿ ಮಾಡಿಸಿಕೊಟ್ಟ. ಕಿಟಕಿಯಿಲ್ಲ, ಮಾಡಿನ ಹತ್ತಿರ ಅಂಗೈಯಗಲದ ಗವಾಕ್ಷಿ. ಹಳೇ ಕಾಲದ ದಪ್ಪ ಬಾಗಿಲು, ಚಿಲಕ ಹೊರಗಡೆಗೆ. ವೈರು ಎಳೆಯಲು ಬಂದ ಭೀಮ ದೊಡ್ಡ ಸ್ವಿಚ್ಚನ್ನೂ ಹೊರಗಿನ ಗೋಡೆಗೇ ಹೊಡೆದ. "ಒಳ್ಗಡೆ ಏನಾರ ಎಚ್ಚುಕಮ್ಮಿ ಆದ್ರೆ ಒಳೀಕ್ ಓಗ್ಬಾರ್ದು ಕಣಕ್ಕ, ಆಚೆಯಿಂದ್ಲೇ ಆರುಸ್ಬೇಕು," ಅಂದ.

ಅರ್ತಿಂಗಿಗೆ ಹಿತ್ತಿಲಲ್ಲಿ ಗುಂಡಿ ತೋಡಿದವನೂ ಅವನೇ. ಅದಕ್ಕೆ ಉಪ್ಪು, ಇದ್ದಿಲು ಸುರಿಯುವುದನ್ನು ಕಂಡು ದೊಡ್ಡತಾಯಮ್ಮ, "ಲೇ ಭೀಮ, ಮಾಟ ಮಾಡ್ತಿರೋನು ನೀನೇ ಕಣ್ಲಾ!" ಅಂದಿದ್ದಳು. "ಇದು ಕರೆಂಟ್ನೋರ್ ಮಾಟ ಕಣಜ್ಜಿ," ಅಂತ ಅವನೂ ನಕ್ಕಿದ್ದ. ಆದರೆ ಆ ಗುಂಡಿಯಲ್ಲಿ ಮೊದಲೇ ಸಿಕ್ಕಿದ್ದ ತಾಮ್ರದ ಚೊಂಬನ್ನು ತೋರಿಸಿದಾಗ ಮುದುಕಿಯ ನಗು ನಿಂತುಹೋಯಿತು. ಚೊಂಬಿನ ಬಾಯಿಗೆ ಅರಗು ಮೆತ್ತಿತ್ತು. ಒಳಗೆ ಮೇಣದ ಬಟ್ಟೆ. ಬಟ್ಟೆಯೊಳಗೆ ಮುಷ್ಟಿಗಾತ್ರದ ಕುಡಿಕೆ, ಸುಡದೆ ಒಣಗಿಸಿದ್ದು. ಅದರ ಬಾಯನ್ನು ಅದೇ ಮಣ್ಣಿನಿಂದ ಮುಚ್ಚಿ, ಹೆಬ್ಬೆರಳಿನಿಂದ ಒತ್ತಿ ಬಿಟ್ಟಿದ್ದರು. ಬೆರಳಿನ ಗೆರೆ ಇನ್ನೂ ಮಾಸಿರಲಿಲ್ಲ.

ಈ ಮನೆಯಲ್ಲಿ ಹಿಂದೆ ನೀಲಗಂಗಮ್ಮನಿಗೊಬ್ಬಳು ಹಿರಿಯ ವಾರಗಿತ್ತಿ ಇದ್ದಳು. ತಾನು ಕದ್ದು ಮಾಡಿದ ಯಾವುದೋ ಕೆಲಸವನ್ನು ಕಿರಿಯವಳು ಕಂಡುಬಿಟ್ಟಳೆಂಬ ಹೆದರಿಕೆ ಅವಳಿಗೆ. ಮಾಟ ಮಾಡಿಸಿದ್ದು ಅವಳೇ ಅಂತ ಊರ ಮಾತು. ಸಿದ್ದೇಶ್ವರ ತೊಟ್ಟಿಲಲ್ಲಿದ್ದಾಗಲೇ ನೀಲಗಂಗಮ್ಮನ ಮಾತು ನಿಂತುಹೋಯಿತು. ಹಾಸನದ ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ಏನೂ ದೋಷವಿಲ್ಲ ಅಂದರು. ವಾರಗಿತ್ತಿ ಸತ್ತು ಮಣ್ಣಾದಳು. ಮಾತು ಬರಲಿಲ್ಲ. ಹೆತ್ತ ಮಗನೇ ತಾಯಿಯ ದನಿ ಕೇಳಿದವನಲ್ಲ.

ಇದನ್ನೆಲ್ಲ ದೊಡ್ಡತಾಯಮ್ಮ ಹೇಳಿದ್ದಳು. ಪ್ರೇಕ್ಷಾ ಕತೆಯೆಂದು ಕೇಳಿದ್ದಳು.

ಮುದುಕಿ ಗೊಣಗಿಕೊಂಡು ಹೋದಮೇಲೆ ಪ್ರೇಕ್ಷಾ ಕುಡಿಕೆಯನ್ನು ಬೆಳಕಿಗೆ ಹಿಡಿದಳು. ಒಳಗೆ ಟೊಳ್ಳು, ಎಲ್ಲೂ ತೂತಿಲ್ಲ. ಹೀಗೇ ಸುಟ್ಟರೆ ಒಳಗಿನ ಗಾಳಿ, ಹಸಿ ಎಲ್ಲ ಹಿಗ್ಗಿ ಪಟಾಕಿಯ ಹಾಗೆ ಸಿಡಿದು ಪಕ್ಕದ ಮಡಕೆಗಳನ್ನೂ ಒಡೆಯುತ್ತದೆ. ಕೆಲಸ ಬಲ್ಲವರು ಮೊದಲು ಒಂದು ತೂತು ಮಾಡುತ್ತಾರೆ. ಅವಳೂ ಮಾಡಿದಳು. ಸೂಜಿಯ ತುದಿಯನ್ನು ನೀರಿಗದ್ದಿ, ಮುಚ್ಚಿದ ಬಾಯಿಯ ನಟ್ಟನಡುವೆ ತಿರುಪಿದಳು.

ಉಸ್ಸೆಂದು ಗಾಳಿ ಬಂತು. ಹಳೇ ಹಾಲಿನ ವಾಸನೆ, ಬಾಣಂತಿ ಕೋಣೆಯ ಸಾಂಬ್ರಾಣಿಯ ವಾಸನೆ. ಅವಳಿಗೆ ಮುಖ ಸಿಂಡರಿಸುವಂತಾಯಿತು. ತೂತಿನ ಸುತ್ತ ಮಣ್ಣಿನ ಪುಡಿ ನಿಂತಿತ್ತು. ಏನನ್ನೂ ಯೋಚಿಸದೆ, ದಿನಾ ಮಾಡುವ ಹಾಗೆ, ತುಟಿ ಹತ್ತಿರ ತಂದು ಉಫ್ ಎಂದು ಊದಿದಳು.

ಊದಿದ ಉಸಿರು ಹಿಂದಕ್ಕೆ ಬರಲಿಲ್ಲ. ಒಳಗೇ ಹೋಯಿತು. ಯಾರೋ ಹೀರಿಕೊಂಡ ಹಾಗೆ.

ಕುಡಿಕೆಯನ್ನು ಎಲ್ಲಕ್ಕಿಂತ ಕೆಳಗಿಟ್ಟು, ಮೇಲೆ ಹಲಗೆ, ಅದರ ಮೇಲೆ ತನ್ನ ಬಟ್ಟಲು, ಹೂಜಿಗಳನ್ನು ಜೋಡಿಸಿ ಮುಚ್ಚಳ ಹಾಕಿದಳು. ಹೊರಗಿನ ಸ್ವಿಚ್ಚು ಹಾಕಿ ಬಂದು ಆವಿಗೆಯ ಗುಂಡಿ ಒತ್ತಿದಳು. ಆವಿಗೆ ಗುಂಯ್ ಎಂದಿತು.

ಹೊತ್ತೇರಿದಂತೆ ಗಂಟಲು ಕೆರೆಯತೊಡಗಿತು. ಹೊಗೆಯಿರಬೇಕು ಅಂದುಕೊಂಡು ನೀರು ಕುಡಿದಳು. ಸುಟ್ಟ ಕೂದಲಿನಂಥ ವಾಸನೆ ಕೋಣೆಯನ್ನು ತುಂಬಿತು. ಬಿಸಿ ತೋರಿಸುವ ಮೀಟರಿನ ಕೆಂಪು ಅಂಕಿಗಳು ಮೇಲೇರುತ್ತಿದ್ದವು. ಊಟದ ಹೊತ್ತು ದಾಟಿದಾಗ ಅಡುಗೆಮನೆ ಕಡೆಯಿಂದ ಹಾಡು ಕೇಳಿಸಿತು. ತೊಟ್ಟಿಲು ತೂಗುವ ಹಾಡು. ಎಳೇ ಹೆಂಗಸಿನ ದನಿ. ರೇಡಿಯೋ ಅಂದುಕೊಂಡಳು. ಈ ಮನೆಯಲ್ಲಿ ರೇಡಿಯೋ ಇರಲಿಲ್ಲ.

ಹಾಡು ಹತ್ತಿರ ಬಂತು. ಬಾಗಿಲಲ್ಲಿ ನೀಲಗಂಗಮ್ಮ ನಿಂತಿದ್ದಳು. ಸುಕ್ಕು ಬಿದ್ದ ಮುಖ, ಬಾಣಂತಿಯ ದನಿ.

"ಪ್ರೇಕ್ಷಾ," ಅಂದಳು. ತನ್ನ ಮಾತಿಗೆ ತಾನೇ ಬೆಚ್ಚಿದಳು. "ನನ್ ಮಾತು ಕಣೆ! ಬಂದ್ಬುಡ್ತು ಕಣೆ!"

ಪ್ರೇಕ್ಷಾ ಅತ್ತೇ ಅಂದಳು. ತುಟಿ ಆಡಿತು. ದನಿಯಿಲ್ಲ. ಕೂಗಿದಳು. ಕೊರಳ ನರ ಉಬ್ಬಿತು. ದನಿಯಿಲ್ಲ.

ಆಗ ತಿಳಿಯಿತು ಅವಳಿಗೆ. ಸೂಜಿ ತೂತಿನಿಂದ ಬಂದದ್ದು ಯಾರದು, ಒಳಹೋದದ್ದು ಯಾರದು.

ಮೀಟರು ನೋಡಿದಳು. ನಾನೂರು ಡಿಗ್ರಿ ದಾಟಿತ್ತು. ಐನೂರು ದಾಟಿ ಆರುನೂರು ಮುಟ್ಟುವವರೆಗೆ ಮಣ್ಣು ಇನ್ನೂ ಮಣ್ಣೇ, ನೀರಿಗೆ ಹಾಕಿದರೆ ಕರಗುತ್ತದೆ. ಆಮೇಲೆ ಅದು ಮಡಕೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಲ್ಲಿಸುವ ಗುಂಡಿ ಒತ್ತಿದಳು. ಗುಂಯ್ ನಿಲ್ಲಲಿಲ್ಲ. ಮತ್ತೆ ಒತ್ತಿದಳು. ಅಂಕಿ ಏರಿತು. ಒಳಗೆಲ್ಲೋ ಕರೆಂಟು ಕಚ್ಚಿಕೊಂಡುಬಿಟ್ಟಿತ್ತು.

ಹೊರಗಿನ ಸ್ವಿಚ್ಚಿನ ಕಡೆ ಕೈ ತೋರಿಸಿದಳು. ಕುಡಿಕೆ ತೋರಿಸಿದಳು, ಗಂಟಲು ತೋರಿಸಿದಳು, ನೀರಿನ ತೊಟ್ಟಿ ತೋರಿಸಿದಳು. ಬೆಳಿಗ್ಗೆ ಅತ್ತೆ ತೋರಿಸಿದ ಹಾಗೆಯೇ.

ನೀಲಗಂಗಮ್ಮನ ಕೈ ಸ್ವಿಚ್ಚಿನವರೆಗೆ ಹೋಯಿತು. ಅಲ್ಲೇ ನಿಂತಿತು.

"ಅದು ಕರುಗಿದ್ರೆ ನಂದೂ ವಾಪಸ್ ಓಯ್ತದೋ ಏನೋ," ಅಂದಳು ಮೆಲ್ಲಗೆ. "ಒಳ್ಗೆ ಎಂಗಿರ್ತದೆ ಗೊತ್ತೇನವ್ವ? ಕೂಗ್ತಿರ್ತೀಯ. ನಿನ್ನ ಕೂಗು ನಿನ್ಗೇ ತಗಲ್ತಿರ್ತದೆ. ನಾನ್ ತಿರ್ಗ ಓಗಾಕಿಲ್ಲ."

ಪ್ರೇಕ್ಷಾ ಬಾಗಿಲಿಗೆ ಹಾರಿದಳು. ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಕತ್ತಲೆ. ಕೆಂಪು ಅಂಕಿ. ಕಾದ ಕಬ್ಬಿಣದ ವಾಸನೆ. ಅವಳು ಬಾಗಿಲು ಬಡಿದಳು. ಒದ್ದಳು. ಹೊರಗೆ ದೊಡ್ಡತಾಯಮ್ಮನ ದನಿ: "ಏನದು ಸದ್ದು?"

"ಮಡ್ಕೆ ಬೇಯ್ತಾ ಅವೆ ಕಣಕ್ಕಾ."

"ಅಯ್ಯೋ ಶಿವನೇ... ನೀಲಾ, ನೀನಾ ಮಾತಾಡಿದ್ದು?" ಆಮೇಲೆ ಮುದುಕಿ ಓಡಿಹೋದ ಹೆಜ್ಜೆಸದ್ದು. ಅವಳು ಹಿಂತಿರುಗಲಿಲ್ಲ.

ಐನೂರು. ಪ್ರೇಕ್ಷಾ ಸೆರಗನ್ನು ಕೈಗೆ ಸುತ್ತಿ ಮುಚ್ಚಳ ಎತ್ತಿದಳು. ಬಿಸಿ ಮುಖಕ್ಕೆ ಬಡಿಯಿತು. ಹುಬ್ಬು ಸೀದುಹೋಯಿತು. ಕುಡಿಕೆ ತಳದಲ್ಲಿ. ಕೈ ಎಟುಕದು. ಸುತ್ತ ಕೆಂಡದ ಬಣ್ಣದ ಸುರುಳಿಗಳು, ಅವುಗಳಲ್ಲಿ ಕರೆಂಟು. ತಳದಿಂದ ಸಣ್ಣಗೆ ಕೂಗು. ಅತ್ತೇ. ಅತ್ತೇ. ಅವಳದೇ ದನಿ.

ಮೂಲೆಯಲ್ಲಿ ಮಣ್ಣು ಕಲಸುವ ನೀರಿನ ಬಕೆಟ್ಟು ಇತ್ತು. ಸುರಿದರೆ ಸಾಯಬಹುದು. ಸುರಿಯದಿದ್ದರೆ? ನಿಂತಳು. ಆ ಒಂದು ಗಳಿಗೆ ನಿಂತದ್ದೇ ತಡವಾಗಿಹೋಯಿತು. ಅಂಕಿ ಏರಿತು. ಕೂಗು ತೆಳುವಾಯಿತು. ಬಕೆಟ್ಟು ಎತ್ತಿದಳು. ಆವಿಗೆಗೆ ಸುರಿದಳು.

ಸಿಡಿಲು. ಬಿಳೀ ಹಬೆ. ನೀಲಿ ಕಿಡಿ. ಮಡಕೆಗಳೆಲ್ಲ ಪಟಪಟ ಸೀಳಿದವು. ಊರಿನ ಅರ್ಧಕ್ಕೆ ಕರೆಂಟು ಹೋಯಿತು. ಗುಂಯ್ ನಿಂತಿತು. ಆಮೇಲೆ ಹೊರಗಿನಿಂದ ಚಿಲಕ ತೆಗೆದ ಸದ್ದಾಯಿತು.

ಸಂಜೆ ಹಾಸನದ ಆಫೀಸಿನಿಂದ ಬಂದ ಸಿದ್ದೇಶ್ವರನನ್ನು ಬಾಗಿಲಲ್ಲೇ ಯಾರೋ ಕರೆದರು: "ಬಂದ್ಯಾ ಮಗಾ?" ಅವನು ಬ್ಯಾಗು ಬಿಟ್ಟು ತಾಯಿಯ ಕಾಲು ಹಿಡಿದುಕೊಂಡು ಮಗುವಿನಂತೆ ಅತ್ತ. ಹೆಂಡತಿಯ ಸುಟ್ಟ ಕೈಗೆ ಔಷಧಿ ಹಚ್ಚಿಸಿದ. ಹೆದರಿಕೆಗೆ ಮಾತು ನಿಂತಿದೆ, ಬರುತ್ತದೆ ಅಂದರು ಡಾಕ್ಟರು. ಅವಳು ಬರೆದು ತೋರಿಸಿದ್ದನ್ನು ಓದಿ ಅವನು ಅವಳ ತಲೆ ಸವರಿ, ಮಲಗಿಕೋ ಅಂದ.

ಆವಿಗೆಯಿಂದ ಸೀಳದೆ ಬಂದದ್ದು ಕುಡಿಕೆಯೊಂದೇ. ಪ್ರೇಕ್ಷಾ ಅದನ್ನು ನೀರಿಗೆ ಹಾಕಿ ರಾತ್ರಿಯೆಲ್ಲ ಕಾದಳು. ಬೆಳಿಗ್ಗೆ ನೀರು ತಿಳಿಯಾಗಿತ್ತು. ಕುಡಿಕೆ ಹಾಗೇ ಇತ್ತು.

"ಚೆನ್ನಾಗಿ ಬೆಂದಿದೆ ಕಣೆ," ಅಂದ ಸಿದ್ದೇಶ್ವರ ಉಗುರಿನಿಂದ ಬಡಿದು. ಟಣ್ ಎಂದಿತು. ಆ ದನಿ ಯಾರದೆಂದು ಅವನಿಗೆ ತಿಳಿಯಲಿಲ್ಲ.

ನೀಲಗಂಗಮ್ಮ ಅದನ್ನು ತೆಗೆದುಕೊಂಡು ಅಡುಗೆಮನೆಯ ಮೇಲಿನ ಹಲಗೆಯಲ್ಲಿಟ್ಟಳು. ಮಲಗುವಾಗ ಮಗ್ಗುಲಲ್ಲಿಟ್ಟುಕೊಳ್ಳುತ್ತಾಳೆ. ಹಗಲೆಲ್ಲ ಬಾಯಿ ತುಂಬ ಮಾತಾಡುತ್ತಾಳೆ. ಒಂದು ದಿನ ಪ್ರೇಕ್ಷಾ ಬಟ್ಟೆ ತುಂಬಿಕೊಂಡು ತವರಿಗೆ ಹೊರಟಳು. ಅತ್ತೆ ಬೈಯಲಿಲ್ಲ, ತಡೆಯಲಿಲ್ಲ. ಕೈ ಎತ್ತಿ ಕುಡಿಕೆಯನ್ನು ಹಲಗೆಯ ಅಂಚಿಗೆ ಸರಿಸಿದಳು. ಅರ್ಧ ಹಲಗೆಯ ಮೇಲೆ, ಅರ್ಧ ಗಾಳಿಯಲ್ಲಿ. ಒಂದು ಬೆರಳು ಅದರ ಮೇಲೇ ಇತ್ತು.

"ಬಿಸ್ಲು ಜಾಸ್ತಿ ಅದೆ ಕಣವ್ವ. ಎಲ್ಗೂ ಓಗ್ಬ್ಯಾಡ."

ಪ್ರೇಕ್ಷಾ ಚೀಲ ಕೆಳಗಿಟ್ಟು, ಒಲೆಯ ಮೇಲೆ ಹಾಲಿಟ್ಟಳು.