ಎರಡು ಕಿಲೋಮೀಟರ್ ಮೊದಲು

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಧಾರವಾಡದಿಂದ ನಾಸಿಕ್‌ಗೆ ಬಂದಿದ್ದ ಅಪ್ಪನಿಗೆ ಒಂದು ಅಭ್ಯಾಸವಿತ್ತು. ಮನೆ ಎರಡು ಕಿಲೋಮೀಟರ್ ದೂರವಿರುವಾಗಲೇ ಕಾರಿನ ಎ.ಸಿ. ಆರಿಸಿ, ಬರೀ ಫ್ಯಾನ್ ಓಡಿಸುತ್ತಿದ್ದರು. ಎ.ಸಿ.ಯೊಳಗಿನ ತೇವ ಒಣಗಿದರೆ ಮುಗ್ಗಲು ವಾಸನೆ ಹಿಡಿಯುವುದಿಲ್ಲ.

ಅವರು ತೀರಿಕೊಂಡ ಮೇಲೆ ನಾನು ಅದನ್ನು ಮರೆತೆ. ಜುಲೈ ಹೊತ್ತಿಗೆ ಕಾರಿನ ತುಂಬ ಒದ್ದೆ ಗೋಣಿಚೀಲದ ವಾಸನೆ. ಸೂಕ್ಷ್ಮಜೀವಿಶಾಸ್ತ್ರ ಓದಿದ ನನಗೆ ಕಾರಣ ಗೊತ್ತಿತ್ತು: ತೇವದಲ್ಲಿ ಬೆಳೆಯುವ ಶಿಲೀಂಧ್ರ. ಫಿಲ್ಟರ್ ಬದಲಿಸಿದೆ, ಎ.ಸಿ.ಯ ಕಾಯಿಲ್ ತೊಳೆಸಿದೆ. ವಾಸನೆ ಹೋಗಲಿಲ್ಲ.

ಒಂದು ಸಂಜೆ ಮನೆಗೆ ಮರಳುವಾಗ, ಅಪ್ಪ ಆರಿಸುತ್ತಿದ್ದ ಜಾಗದಲ್ಲೇ, ನಾಸಿಕ್ ರೋಡ್ ಸ್ಟೇಷನ್ ದಾಟುತ್ತಲೇ ಎ.ಸಿ. ಗುಂಡಿಯ ದೀಪ ತಾನಾಗಿ ಆರಿತು. ಫ್ಯಾನ್ ಬೀಸುತ್ತಲೇ ಇತ್ತು. ಮರುದಿನವೂ ಅಲ್ಲಿಯೇ ಆರಿತು. ವಾರದೊಳಗೆ ವಾಸನೆ ಇಲ್ಲವಾಯಿತು. ಸ್ವಿಚ್ಚಿನಲ್ಲಿ ದೋಷವೇನೂ ಇಲ್ಲವೆಂದು ಮೆಕ್ಯಾನಿಕ್ ಹೇಳಿದ. ಅಮ್ಮ ಮಾತ್ರ ನಕ್ಕಳು. “ನೀ ಮರತಿ. ಅವರು ಮರೀಲಿಲ್ಲ ನೋಡು.”

ಅಕ್ಟೋಬರಿನಲ್ಲಿ ನನಗೆ ಛತ್ರಪತಿ ಸಂಭಾಜಿನಗರದಲ್ಲಿ ಕೆಲಸ ಸಿಕ್ಕಿತು. ನಾಸಿಕ್‌ನ ಮನೆ ಖಾಲಿ ಮಾಡಿದ ದಿನ ಅಮ್ಮ ಕಾರು ಹತ್ತದೆ ನಿಂತಳು.

“ಅವರು ಇಲ್ಲೇ ಉಳದ್ರ, ರುಚಿ? ಹೊಸ ಮನಿ ಅವರು ನೋಡೇ ಇಲ್ಲಲ್ಲ.”

“ಮುಂದ ಕೂಡ್ರು ಅಮ್ಮ. ದಾರಿ ಹೇಳಕೋತ ಬಾ ಅವರಿಗೆ.”

ಅವಳು ಮುಂದಿನ ಸೀಟಿನಲ್ಲಿ ಕೂತಳು. ದಾರಿಯಲ್ಲಿ ನಿಫಾಡ್ ಊರು ದಾಟಿದ ಮೇಲೆ ಪ್ರತಿ ತಿರುವಿನಲ್ಲೂ ಮೆಲ್ಲಗೆ ಹೇಳತೊಡಗಿದಳು: “ಇಲ್ಲಿ ಬಲಕ್ಕರೀ.”

ಹೊಸ ಊರಿನೊಳಗೆ ಒಂದು ವೃತ್ತದ ಬಳಿ ಎ.ಸಿ. ದೀಪ ಆರಿತು. ನಾನು ಓಡೋಮೀಟರ್ ನೋಡಿಕೊಂಡೆ. ಹೊಸ ಮನೆಯ ಗೇಟಿನ ಮುಂದೆ ಮತ್ತೊಮ್ಮೆ ನೋಡಿದೆ.

ಸರಿಯಾಗಿ ಎರಡು ಕಿಲೋಮೀಟರ್.