ಸದ್ದಿಗೆ ಬೆಳಗುವ ಅರಮನೆ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆಯ ಒಂದಾನೊಂದು ರಾಜ್ಯದಲ್ಲಿ ದೇವೀರಿ ಎಂಬ ಕುಂಬಾರರ ಹುಡುಗಿಯಿದ್ದಳು. ಯಾವ ಮಡಕೆಯನ್ನೇ ಆಗಲಿ, ಎತ್ತುವ ಮೊದಲು ಬೆರಳ ಗಿಣ್ಣಿನಿಂದ ತಟ್ಟಿ ನೋಡುವುದು ಅವಳ ಮನೆತನದ ರೂಢಿ. ಗಟ್ಟಿ ಮಡಕೆ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಬದ್ ಎನ್ನುತ್ತದೆ.

ಒಂದು ದಿನ ಮಾಯಾವಿ ಕಗ್ಗತ್ತಲರಾಯ ಅವಳ ತಂಗಿ ಹೊಂಬಾಳಿಯನ್ನು ಹೊತ್ತೊಯ್ದ. ದೇವೀರಿ ಬಿಟ್ಟಾಳೆಯೇ? ಕೈಗೆ ಸಿಕ್ಕ ಮಡಕೆ ಚೂರೊಂದನ್ನು ಮಡಿಲಿಗೆ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವನ ಅರಮನೆಯ ಬಾಗಿಲಿಗೇ ಬಂದಳು.

ಮಾಯಾವಿಗೆ ಆಟವೆಂದರೆ ಪ್ರಾಣ. "ಒಳಗೆ ಬರೀ ಕತ್ತಲೆ," ಎಂದ. "ಸದ್ದು ಮಾಡಿದರೆ ಒಂದು ಕ್ಷಣ ಬೆಳಕು. ಆದರೆ ನನ್ನ ಕುರುಡು ಹುಲಿ ಸದ್ದು ಬಂದಲ್ಲಿಗೆ ಹಾರುತ್ತದೆ. ಮೂರು ಕೋಣೆ ಗೆದ್ದರೆ ತಂಗಿ ನಿನ್ನವಳು. ಸೋತರೆ ನಿನ್ನ ಜೊತೆ ಅವಳೂ ಕತ್ತಲಲ್ಲಿ ಕರಗಿಹೋಗುತ್ತಾಳೆ."

"ಆಯ್ತು. ಮಾತು ತಪ್ಪಬೇಡ," ಎಂದು ದೇವೀರಿ ಒಳಗೆ ನಡೆದಳು.

ಮೊದಲ ಕೋಣೆಯಲ್ಲಿ ಚಿಟಿಕೆ ಹಾಕಿದಳು. ಫಳ್ಳನೆ ನೀಲಿ ಬೆಳಕು! ಎದುರಿಗೆ ಪ್ರಪಾತ, ಅದರ ಮೇಲೆ ತೇಲುವ ಒಂಬತ್ತು ಕಲ್ಲು. ಎಲ್ಲೋ ಹುಲಿ ಗುರ್ರೆಂದಿತು. ಕಂಡದ್ದನ್ನು ನೆನಪಿಟ್ಟುಕೊಂಡು, ಉಸಿರು ಬಿಗಿಹಿಡಿದು, ಒಂದೊಂದೇ ಕಲ್ಲು ದಾಟಿದಳು.

ಎರಡನೆಯ ಕೋಣೆಯಲ್ಲಿ ಹುಲಿಯ ಬಿಸಿಯುಸಿರು ಕೆನ್ನೆಗೇ ತಾಗಿತು. ಮಡಿಲಲ್ಲಿದ್ದ ಮಡಕೆ ಚೂರನ್ನು ದೂರಕ್ಕೆಸೆದಳು. ಅದು ಬಿದ್ದ ಸದ್ದಿಗೆ ಹೊಮ್ಮಿದ ಬೆಳಕಲ್ಲಿ ಹುಲಿ ಅತ್ತ ಹಾರಿದ್ದೂ ಬಾಗಿಲು ಇತ್ತ ಇದ್ದದ್ದೂ ಕಂಡವು. ಒಂದೇ ಓಟ. ಖುಷಿಗೆ ನಗು ಉಕ್ಕಿಬಂತು, ಬಾಯಿ ಮುಚ್ಚಿಕೊಂಡಳು.

ಮೂರನೆಯ ಕೋಣೆಯಲ್ಲಿ ಕೈಗೆ ದುಂಡನೆಯದೇನೋ ತಾಗಿತು. ಮಡಕೆ. ಹಾಳು ರೂಢಿ, ಯೋಚಿಸುವ ಮೊದಲೇ ಬೆರಳು ತಟ್ಟಿಬಿಟ್ಟಿತ್ತು.

ಬದ್.

ಬೆಳಕಲ್ಲಿ ಮೂಲೆಗೆ ಕಟ್ಟಿಹಾಕಿದ್ದ ಹೊಂಬಾಳಿ ಕಂಡಳು. ಪಕ್ಕದಲ್ಲಿ ಬಿಳಿಚಿಕೊಂಡ ಮಾಯಾವಿ. "ಅದನ್ನು ಮುಟ್ಟಬೇಡ, ನನ್ನ ಜೀವ ಅದರಲ್ಲಿದೆ!" ಎಂದು ಅರಚಿದ. ಜೀವ ಇಡುವ ಮಡಕೆಯನ್ನು ತಟ್ಟಿ ನೋಡದೆ ತಂದಿದ್ದ, ಮಹಾರಾಯ.

ಹಿಂದಿನಿಂದ ಹುಲಿ ನುಗ್ಗಿ ಬರುತ್ತಿತ್ತು. ದೇವೀರಿ ಓಡಲಿಲ್ಲ. ಮಡಕೆಯನ್ನು ಇನ್ನೊಮ್ಮೆ ಜೋರಾಗಿ ತಟ್ಟಿ ಪಕ್ಕಕ್ಕೆ ಉರುಳಿದಳು. ಹುಲಿ ಹಾರಿತು, ಬಿರುಕಿನ ಮಡಕೆ ನುಚ್ಚುನೂರಾಯಿತು. ಮಾಯಾವಿ ಹೊಗೆಯಾಗಿ ಹೋದ. ಗೋಡೆಗಳೆಲ್ಲ ಕರಗಿ ಬಿಸಿಲು ಸುರಿಯಿತು, ಹುಲಿಗೂ ಕಣ್ಣು ಬಂತು.

"ಅಕ್ಕಾ, ಹುಲಿಯಿದ್ದರೂ ಯಾಕೆ ತಟ್ಟಿದೆ?" ಎಂದಳು ಹೊಂಬಾಳಿ, ಅವಳನ್ನು ತಬ್ಬಿಕೊಂಡು.

"ಕೈ ನನ್ನ ಮಾತು ಕೇಳಬೇಕಲ್ಲ ಕಣೇ."

ಆಮೇಲೆ ರಾಜ್ಯದವರೆಲ್ಲ ಸುಖವಾಗಿದ್ದರು. ಹುಲಿ ಕುಂಬಾರಗೇರಿಯಲ್ಲೇ ಉಳಿಯಿತು. ಯಾರಾದರೂ ಮಡಕೆ ತಟ್ಟಿದರೆ ಸಾಕು, ಕಣ್ಣು ಮುಚ್ಚಿ ಓಡಿಬಂದು ದೇವೀರಿಯ ಕಾಲ ಬಳಿ ಮಲಗುತ್ತಿತ್ತು.