ಟೂ ಬಿಟ್ಟ ದಿನದ ಫೋಟೋ

"ಅಯ್ಯೋ, ಇದರಲ್ಲಿ ಕಾರ್ಡೇ ಇಲ್ವಲ್ರೀ!" ಸ್ಟುಡಿಯೋ ಆಂಟಿ ಅಂದರು.

"ಕಾರ್ಡನ್ನೇ ಅಲ್ವಾ ಮೇಡಂ ನಾನು ಕೊಟ್ಟಿದ್ದು?" ಅಪ್ಪ ಕೌಂಟರಿನ ಮೇಲೆ ಬಾಗಿದರು.

"ಇದು ಅಡಾಪ್ಟರ್. ಬರೀ ಅಂಗಿ ಇದ್ದ ಹಾಗೆ. ಇದರೊಳಗೆ ಉಗುರಿನಷ್ಟು ಪುಟಾಣಿ ಕಾರ್ಡ್ ಇರುತ್ತೆ. ಫೋಟೋ ಎಲ್ಲ ಇರೋದು ಅದರಲ್ಲಿ. ನೀವು ಮಗೂನ ಮನೇಲಿ ಬಿಟ್ಟು ಅಂಗಿ ಮಾತ್ರ ತಂದಿದ್ದೀರಿ."

ಅಪ್ಪ ನಗಲಿಲ್ಲ. ಜೇಬು ತಡಕಿದರು. ಕ್ಯಾಮೆರಾದ ಚೀಲವನ್ನು ತಲೆಕೆಳಗು ಮಾಡಿ ಕೊಡವಿದರು. "ನಮ್ಮಮ್ಮ ಹೋಗಿ ಇಪ್ಪತ್ತು ದಿನ ಆಯ್ತು ಮೇಡಂ. ಅವರ ಕೊನೇ ಫೋಟೋ ಅದರಲ್ಲೇ ಇರೋದು. ಬೇರೆಲ್ಲೂ ಇಲ್ಲ," ಅನ್ನುತ್ತಾ ಮತ್ತೆ ಚೀಲದೊಳಗೆ ಕೈ ಹಾಕಿದರು.

ಪಕ್ಕದಲ್ಲಿ ನಿಂತಿದ್ದ ಮಗಳು ಸ್ಕೂಲ್ ಬ್ಯಾಗನ್ನು ಎದೆಗೆ ಅವಚಿಕೊಂಡಳು. ಮಾತೆತ್ತಿದರೆ ಅಳುತ್ತಾಳೆ ಅಂತ ಮನೆಯವರು ಅವಳಿಗಿಟ್ಟ ಹೆಸರು ಪೀಪಿ. ಇವತ್ತು ಮಾತ್ರ ಅವಳು ಅಳಲಿಲ್ಲ. ಆ ಪುಟಾಣಿ ಕಾರ್ಡ್ ಅದೇ ಬ್ಯಾಗಿನಲ್ಲಿ, ಕಂಪಾಸ್ ಬಾಕ್ಸಿನ ರಬ್ಬರಿನ ಕೆಳಗಿತ್ತು! ಬೆಳಿಗ್ಗೆ ಅವಳೇ ಅದನ್ನು ಉಗುರಿನಿಂದ ಎಳೆದು ಬಚ್ಚಿಟ್ಟಿದ್ದಳು.

ತಂಟೆಗಂತ ಮಾಡಿದ್ದಲ್ಲ, ಪಾಪ. ಆ ಫೋಟೋ ತೆಗೆದ ದಿನ ಮನೆಗೆ ನೆಂಟರು ಬಂದಿದ್ದರು. ಅಜ್ಜಿ ಅವರೆಲ್ಲರ ಮುಂದೆ, "ಐದು ವರ್ಷ ಆದ್ರೂ ನಮ್ಮ ಪೀಪಿ ಹಾಸಿಗೆ ಒದ್ದೆ ಮಾಡ್ತಿದ್ಲು" ಅಂದುಬಿಟ್ಟಳು. ಎಲ್ಲರೂ ಗೊಳ್ಳೆಂದು ನಕ್ಕರು. ಪೀಪಿಗೆ ಮೈಯೆಲ್ಲ ಉರಿಯಿತು.

"ನಿನ್ನ ಜೊತೆ ಟೂ! ಇನ್ನು ಯಾವತ್ತೂ ಮಾತಾಡಲ್ಲ!" ಅಂದಳು. ಅಪ್ಪ ಇಬ್ಬರನ್ನೂ ಮೆಟ್ಟಿಲ ಮೇಲೆ ಕೂರಿಸಿ ಕ್ಯಾಮೆರಾ ಹಿಡಿದಾಗ, ಬೇಕಂತಲೇ ಅಜ್ಜಿಗೆ ಬೆನ್ನು ಹಾಕಿ ಕೂತಳು.

ಮರುದಿನ ಅವಳು ಸ್ಕೂಲಿನಿಂದ ಬರುವಷ್ಟರಲ್ಲಿ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅಜ್ಜಿ ವಾಪಸ್ ಬರಲಿಲ್ಲ. ಬಿಟ್ಟ ಟೂ ಬಿಟ್ಟ ಹಾಗೇ ಉಳಿಯಿತು.

ಕ್ಯಾಮೆರಾದ ಸ್ಕ್ರೀನ್ ಕೆಟ್ಟಿದ್ದರಿಂದ ಆ ಫೋಟೋವನ್ನು ಇನ್ನೂ ಯಾರೂ ನೋಡಿರಲಿಲ್ಲ. ಅದು ಫ್ರೇಮ್ ಹಾಕಿಸಿಕೊಂಡು ಗೋಡೆಗೆ ಬಂದರೆ, ದಿನಾ ಅದರ ಮುಂದೆ ಓಡಾಡುವುದು ಹೇಗೆ?

ಅಪ್ಪ ಈಗ ನೆಲಕ್ಕೆ ಮಂಡಿಯೂರಿ ಕುರ್ಚಿಯ ಕೆಳಗೆಲ್ಲ ಹುಡುಕುತ್ತಿದ್ದರು. ಪೀಪಿಗೆ ನೋಡಲಾಗಲಿಲ್ಲ. ಕಂಪಾಸ್ ಬಾಕ್ಸ್ ತೆಗೆದಳು.

"ಅಪ್ಪಾ, ಇಲ್ಲಿದೆ. ನಾನೇ ತೆಗೆದಿಟ್ಟಿದ್ದೆ."

"ಯಾಕೆ ಪುಟ್ಟಾ?"

"ಅದರಲ್ಲಿ ನಾನು ಅಜ್ಜಿಗೆ ಬೆನ್ನು ಹಾಕಿದ್ದೀನಿ."

ಅಪ್ಪ ಬೈಯಲಿಲ್ಲ. ಮಂಡಿಯೂರಿದ್ದವರು ಹಾಗೇ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಆಂಟಿ ಕಾರ್ಡನ್ನು ಅಡಾಪ್ಟರಿಗೆ ತಳ್ಳಿ, ಅಡಾಪ್ಟರನ್ನು ಕಂಪ್ಯೂಟರಿಗೆ ಹಾಕಿದರು. ಫೋಟೋಗಳು ಒಂದೊಂದಾಗಿ ಬಂದವು. ಮೆಟ್ಟಿಲು ಕಂಡದ್ದೇ ತಡ, ಪೀಪಿ ಕಣ್ಣು ಮುಚ್ಚಿಕೊಂಡಳು.

"ಅಯ್ಯೋ ದೇವ್ರೇ, ನೋಡೇ ಇಲ್ಲಿ, ನಿಮ್ಮಜ್ಜೀನ!" ಆಂಟಿ ನಕ್ಕರು.

ಪೀಪಿ ಮೆಲ್ಲಗೆ ಕಣ್ಣು ಬಿಟ್ಟಳು. ಫೋಟೋದಲ್ಲಿ ಅವಳು ಕೈ ಕಟ್ಟಿ, ಕೆನ್ನೆ ಊದಿಸಿಕೊಂಡು ಕೂತಿದ್ದಳು. ಅವಳ ಬೆನ್ನಿಗೆ ಬೆನ್ನು ಹಾಕಿ ಅಜ್ಜಿಯೂ ಕೂತಿದ್ದಳು. ಅವಳೂ ಕೈ ಕಟ್ಟಿದ್ದಳು. ಅವಳೂ ಕೆನ್ನೆ ಊದಿಸಿದ್ದಳು!

"ನಂಗೂ ಗೊತ್ತಿರಲಿಲ್ಲ ಕಣೇ," ಅಪ್ಪ ಕಣ್ಣೊರೆಸಿಕೊಂಡರು. "ನೀನು ಈ ಕಡೆ ತಿರುಗಲಿ ಅಂತ ನಿನ್ನನ್ನೇ ನೋಡ್ತಿದ್ದೆ."

ಅವಳ ತಲೆ ಸವರಿ ಕೇಳಿದರು, "ಅಜ್ಜಿ ಒಬ್ಬರೇ ಇರೋದನ್ನ ಪ್ರಿಂಟ್ ಹಾಕಿಸೋಣ್ವಾ? ನಿಂಗೆ ಬೇಜಾರಾದ್ರೆ ಇದು ಬೇಡ."

"ಇದೇ ಇರಲಿ," ಅಂದಳು ಪೀಪಿ. "ದೊಡ್ಡದು."

ಆಮೇಲೆ ಸ್ಕ್ರೀನಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಅಜ್ಜಿಯ ಊದಿದ ಕೆನ್ನೆಯ ತುಂಬಾ ನಗು ಇತ್ತು. ಕಣ್ಣು ಮಾತ್ರ ಓರೆಯಾಗಿ ಹಿಂದಕ್ಕೆ, ಇವಳ ಕಡೆಗೇ ನೋಡುತ್ತಿತ್ತು. ಅಜ್ಜಿ ಟೂ ಬಿಟ್ಟೇ ಇರಲಿಲ್ಲ. ಇವಳು ಯಾವಾಗ ತಿರುಗುತ್ತಾಳೋ ಅಂತ ಕಾಯುತ್ತಾ ಕೂತಿದ್ದಳು.